ಮಾರುತಿ ಗುಡಿಯ ವಿದ್ಯುತ್ ನಗಾರಿಗೆ ಹಳೆಯ ನಗಾರಿಯವನ ಅರಿಕೆ

ಲಕ್ಷ್ಮೇಶ್ವರ, ಶ್ರಾವಣ ಮಾಸ, ೧೯೮೬

ಒಂದು ಮೋಟರು, ಎರಡು ಕಬ್ಬಿಣದ ಕೋಲು, ಒಂದು ಸಾಲು ಗಂಟೆ ಮತ್ತು ಜಾಗಟೆ ಎಂಬ ಪರಿವಾರದೊಡನೆ ನಮ್ಮ ಓಣಿಯ ಮಾರುತಿ ಗುಡಿಗೆ ದಯಮಾಡಿಸಿದ ವಿದ್ಯುತ್ ನಗಾರಿಯವರ ಸನ್ನಿಧಾನಕ್ಕೆ, ಅದೇ ಗುಡಿಯಲ್ಲಿ ಅಪ್ಪನ ಕಾಲದಿಂದ ಕೈಯಲ್ಲಿ ನಗಾರಿ ಬಾರಿಸುತ್ತಿದ್ದ, ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ನೀಲಪ್ಪನ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ತಾವು ಸದ್ಯ ಗದಗಿನ ರಿಪೇರಿ ಅಂಗಡಿಯಲ್ಲಿ ಹೊಟ್ಟೆ ಬಿಚ್ಚಿಕೊಂಡು ಮಲಗಿದ್ದೀರಿ. ಹಾಸಿಗೆ ಹಿಡಿದವರ ಮುಂದೆ ದೂರು ಹೇಳುವುದು ಸಭ್ಯರ ಲಕ್ಷಣವಲ್ಲವೆಂದು ಬಲ್ಲೆ. ಆದರೆ ತಾವು ಗುಣವಾಗಿ ಮರಳಿದ ದಿನವೇ ನಾನೂ ನನ್ನ ಹೆಂಡತಿ ಕಸ್ತೂರೆವ್ವಳೂ ಗುಡಿಯ ಪೌಳಿಯಲ್ಲಿರುವ ನಮ್ಮ ಕೋಣೆಯನ್ನು ಖಾಲಿ ಮಾಡಬೇಕೆಂದು ಪಂಚರು ಠರಾವು ಮಾಡಿದ್ದಾರಾದ್ದರಿಂದ, ಕುಳಿತು ಬರೆಯಲು ಒಂದು ಜಾಗವಿರುವಾಗಲೇ ಬರೆದುಬಿಡುತ್ತಿದ್ದೇನೆ. ಕರೆಂಟು ಕೈಕೊಟ್ಟಾಗ ತಮಗೆ ಉಪವಾಸ ಬೀಳಬಾರದೆಂದು ಡೀಸೆಲ್ ಜನರೇಟರ್ ತರಿಸುತ್ತಾರಂತೆ, ಆ ಮಹನೀಯರಿಗೆ ಗಾಳಿಯಾಡುವ ಕೋಣೆಯೇ ಬೇಕಂತೆ. ನಮ್ಮ ಕೋಣೆಗೆ ಗಾಳಿ ಸಾಲದು, ಇನ್ನೊಂದು ಕಿಟಕಿ ಕೊರೆಸಿಕೊಡಿ ಎಂದು ಕಸ್ತೂರೆವ್ವ ಮದುವೆಯಾಗಿ ಬಂದಾಗಿನಿಂದ ಕೇಳುತ್ತಿದ್ದಳು. ಈಗ ಎರಡು ಕಿಟಕಿ ಕೊರೆಸುವುದೆಂದು ತೀರ್ಮಾನವಾಗಿದೆ, ನಾವು ಹೊರಗೆ ಹೋದ ಮೇಲೆ.

ತಮ್ಮ ಗುಣಗಳನ್ನು ಹೊಗಳದಿದ್ದರೆ ನಾನು ಕೃತಘ್ನನಾಗುತ್ತೇನೆ. ಹೋದ ವರ್ಷದ ಯುಗಾದಿಗೆ ಹಿರಿಯ ಪಂಚರಾದ ಗುರುರಾಜ ದೇಸಾಯರು, ಮೋಟರು ಜರ್ಮನಿಯ ಮಾದರಿಯದೆಂದು ಓಣಿಗೆಲ್ಲ ಸಾರಿ ತಮ್ಮನ್ನು ಬರಮಾಡಿಕೊಂಡಾಗ, ಇನ್ನು ಮಾರುತಿಗೆ ಪರದೇಶದ ಸೇವೆ ಎಂದು ಹೆಂಗಸರು ತಮಗೂ ಒಂದೊಂದು ಆರತಿ ಎತ್ತಿದರು. ತಾವು ಚಹಾ ಕೇಳುವುದಿಲ್ಲ, ಚಳಿಜ್ವರ ಬಂತೆಂದು ಮುಸುಕು ಹೊದ್ದು ಮಲಗುವುದಿಲ್ಲ, ತಂಗಿಯ ಮಗಳ ಮದುವೆಯೆಂದು ಯಳವತ್ತಿಗೆ ಹೋಗಿ ಉಳಿದುಬಿಡುವುದಿಲ್ಲ. ಕರೆಂಟು ಇಲ್ಲದ ಸಂಜೆಗಳಲ್ಲಿ ಸ್ವತಃ ಮಾರುತಿಯೇ ಮಂಗಳಾರತಿಗಾಗಿ ತಂತಿಯ ಕಡೆ ನೋಡುತ್ತ ಕೂಡುವ ಶಿಸ್ತನ್ನು ಕಲಿತದ್ದು ತಮ್ಮಿಂದಲೇ. ಈ ಸಲದ ಸುಗ್ಗಿಯಲ್ಲಿ ಎಂದಿನಂತೆ ಚೀಲ ಹಿಡಿದು, ನಗಾರಿಯ ಸೇವೆಗೆ ಮನೆಮನೆಯವರು ಅಳೆದುಕೊಡುವ ಜೋಳ ಕೇಳಲು ಹೋದಾಗ ಓಣಿಯ ಜನ ಬೇಸರಪಟ್ಟುಕೊಂಡೇ, ‘ಈಗ ನೀ ಎಲ್ಲಿ ಬಾರಸ್ತೀಯೋ ನೀಲಪ್ಪಾ, ಮಶೀನ್ ಬಾರಸ್ತೈತಿ’ ಎಂದರು. ಮಾತು ಖರೆಯಾದ್ದರಿಂದ ನಾನು ಖಾಲಿ ಚೀಲ ಮಡಚಿಕೊಂಡು ಬಂದೆ. ಆ ರಾತ್ರಿ ನಾವಿಬ್ಬರೂ ಉಂಡದ್ದು ಕಸ್ತೂರೆವ್ವ ಎರವಲು ತಂದ ಹಿಟ್ಟಿನ ರೊಟ್ಟಿ, ಅದರ ಹೊಟ್ಟೆಯುರಿ ನನಗೆ ಇವತ್ತಿಗೂ ಆರಿಲ್ಲ.

ತಮ್ಮ ಈಗಿನ ಅನಾರೋಗ್ಯಕ್ಕೆ ನಾನೇ ಕಾರಣನೆಂದು ಊರು ಹೇಳುತ್ತದೆ, ಅದರ ವಿವರವನ್ನೂ ಅರಿಕೆ ಮಾಡಿಕೊಳ್ಳಬೇಕು. ನಮ್ಮ ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ಹೆಣ ಎತ್ತುವವರೆಗೆ ಗುಡಿಯಲ್ಲಿ ಗಂಟೆಯಿಲ್ಲ, ನಗಾರಿಯಿಲ್ಲ, ದೇವರೂ ಸುಮ್ಮನೆ ಕಾಯುತ್ತಾನೆ. ನಗಾರಿಯವನಿಗೆ ಅಪ್ಪ ಮೊದಲು ಕಲಿಸುವ ಪಾಠ ಬಾರಿಸುವುದಲ್ಲ, ಯಾವಾಗ ಬಾರಿಸಬಾರದು ಎಂಬುದು. ಜ್ಯೇಷ್ಠದ ಒಂದು ಮಧ್ಯಾಹ್ನ ದೇಸಾಯರ ತಾಯಿ ವಿಮಲಾಬಾಯಿಯವರು ತೀರಿಕೊಂಡರು. ಆ ಬೆಳಿಗ್ಗೆ ಆರತಿಯ ನಡುವೆ ಕರೆಂಟು ಹೋಗಿತ್ತು, ಅರ್ಚಕ ದತ್ತಾತ್ರಿ ಭಟ್ಟರು ತಮ್ಮನ್ನು ಓಡಿಸುವ ಬಟನ್ ಆರಿಸುವುದನ್ನು ಮರೆತು, ಬಟನ್ ಇರುವ ಗರ್ಭಗುಡಿಗೆ ಬೀಗ ಹಾಕಿ ಹಿರೇಹಂದಿಗೋಳಕ್ಕೆ ಹೋಗಿದ್ದರು. ಗುಡಿಯ ಎದುರು ಮನೆಯ ಅಂಗಳದಲ್ಲಿ ಆ ಹಿರಿಯ ಜೀವವನ್ನು ಮಲಗಿಸಿ ಸೊಸೆಯಂದಿರು ಅಳುತ್ತಿರುವಾಗ ಕರೆಂಟು ಬಂತು, ತಾವು ಸಕಲ ಗಂಟೆಗಳೊಡನೆ ಮಂಗಳಾರತಿಗೆ ಆರಂಭಿಸಿದಿರಿ. ಅಂಥ ಉತ್ಸಾಹವನ್ನು ನಾನು ಹಬ್ಬದಲ್ಲೂ ತೋರಿಸಿದವನಲ್ಲ. ದೇಸಾಯರು ತಾಯಿಯ ಕಾಲ ಬಳಿಯಿಂದ ಎದ್ದು, ‘ಯಾರರೆ ಅದನ್ನ ಬಂದ್ ಮಾಡ್ರೋ, ನಮ್ಮವ್ವ ಇನ್ನೂ ಇಲ್ಲೇ ಇದ್ದಾಳ’ ಎಂದು ಕೂಗಿಕೊಂಡರು. ತಮಗೆ ಬೇಡಿಕೊಂಡರೆ ಕೇಳಿಸುವುದಿಲ್ಲವಾದ್ದರಿಂದ, ನನ್ನನ್ನು ಕೆಲಸದಿಂದ ಬಿಡಿಸುವಾಗ ಪಂಚರು ಹೊದಿಸಿದ್ದ ಶಾಲನ್ನು ಮುದ್ದೆ ಮಾಡಿ ತಮ್ಮ ಚೈನಿಗೆ ತುರುಕಿದೆ. ತಾವು ಒಂದಿಷ್ಟು ನರಳಿ, ಹೊಗೆಯುಗುಳಿ ಸುಮ್ಮನಾದಿರಿ.

ಹದಿಮೂರನೆಯ ದಿನ ಮುಗಿದ ಮೇಲೆ ಪಂಚರು ಕೂಡಿ ವಿಚಾರಣೆ ಮಾಡಿದರು. ಮಶೀನಿನ ತಪ್ಪಿಲ್ಲ, ಭಟ್ಟರ ತಪ್ಪೂ ಇಲ್ಲ, ಕರೆಂಟು ಹೋಗಿದ್ದಕ್ಕೇ ತಾನೆ ಅದು ಹೊತ್ತಲ್ಲದ ಹೊತ್ತಿಗೆ ಬಂದದ್ದು, ಆದ್ದರಿಂದ ಕರೆಂಟು ಹೋಗದಂತೆ ಜನರೇಟರ್ ತರಿಸುವುದು ಎಂಬ ಅವರ ತೀರ್ಪಿನ ಜಾಣತನವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಮೋಟರು ಸುಟ್ಟ ನೀಲಪ್ಪನಿಗೆ ಬೇರೆ ಶಿಕ್ಷೆ ಬೇಡ, ಕೋಣೆ ಬಿಟ್ಟರೆ ಸಾಕು ಎಂದು ಕರುಣೆಯನ್ನೂ ತೋರಿಸಿದರು.

ತಮ್ಮನ್ನು ನೋಡಿಕೊಂಡು ಬರಲು ನಾನು ಗದಗಿಗೂ ಹೋಗಿದ್ದೆ. ತಮ್ಮ ವೈದ್ಯರಾದ ಕುತುಬುದ್ದೀನರು ಮೊದಲು ತಾಮ್ರ ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ತಡವಾಗಿ ಗುಣಪಡಿಸಿರೆಂದು ಅವರ ಕೈಹಿಡಿದು ಕೇಳಿದಾಗ ಅವರು ನಕ್ಕು, ‘ಸ್ಟೀಲ್ ಬಂದು ನನ್ನ ಕಲಾಯಿ ಹೋತು, ಅದಕ್ಕ ಮೋಟರ್ ಕಲ್ತೆ. ಮುಂದ ಬರೂ ಮೋಟರ್ ಬಿಚ್ಚಾಕ ಬರೂದಿಲ್ಲಂತ, ಕೆಟ್ಟರ ಒಗದು ಹೊಸಾದು ತರೂದಂತ. ಆಗ ನಾನೂ ನಿನ್ನ ಬಾಜೂಕ ಬಂದು ಕುಂಡ್ರತೀನಿ ತಗೋ’ ಎಂದರು. ಆದಕಾರಣ ತಾವು ಅವರ ಹೊಟ್ಟೆಪಾಡಿಗಾಗಿಯಾದರೂ ಆಗಾಗ ಕೆಡುತ್ತಿರಬೇಕು, ನನ್ನ ಹೊಟ್ಟೆಪಾಡಿಗಾಗಿ ಈ ಸಲ ಗುಣವಾಗಲೇಬಾರದು. ಬರಲೇಬೇಕೆಂದಿದ್ದರೆ, ಓಣಿಯಲ್ಲಿ ಯಾರ ಮನೆಯಲ್ಲಿ ಯಾರ ಉಸಿರು ನಿಂತಿತೆಂದು ಬೆಳಗಾಗೆದ್ದು ತಾವೇ ವಿಚಾರಿಸಿಕೊಂಡು ಬರಬೇಕು. ಜನರೇಟರ್ ಸಾಹೇಬರಿಗೆ ಹೇಳಿ ಕೋಣೆಯ ಒಂದು ಮೂಲೆಯನ್ನು ನಮಗೆ ಬಿಡಿಸಿಕೊಡಬೇಕು. ನಾವು ಗದ್ದಲದಲ್ಲೇ ಬಾಳಿದವರು, ಹೊಗೆಯೂ ಒಲೆಯ ಮುಂದಿನ ಕಸ್ತೂರೆವ್ವಳಿಗೆ ಹೊಸದಲ್ಲ.

ತಾವು ಇಲ್ಲದ ಈ ದಿನಗಳಲ್ಲಿ, ತಾತ್ಕಾಲಿಕವಾಗಿ ಎಂದು ಒತ್ತಿ ಹೇಳಿ, ನಗಾರಿಯನ್ನು ಪುನಃ ನನ್ನ ಕೈಗೆ ಕೊಟ್ಟಿದ್ದಾರೆ. ನಿನ್ನೆ ಶ್ರಾವಣ ಶನಿವಾರ. ಗುಡಿ ತುಂಬ ಜನ, ದೇಸಾಯರೂ ಮುಂದೆಯೇ ನಿಂತಿದ್ದರು. ಇವತ್ತು ಕೇಳಿದವರು ಠರಾವನ್ನೇ ಹರಿದುಹಾಕಬೇಕು ಎಂಬ ಹಟದಿಂದ, ಅಪ್ಪ ಕಲಿಸಿದ ಏರು, ಇಳಿವು, ನಡುವೆ ಉಸಿರು ಹಿಡಿದು ಬಿಡುವ ಪೆಟ್ಟು, ಒಂದನ್ನೂ ಬಿಡದೆ ಬಾರಿಸಿದೆ. ತೋಳು ಸೋತು ಬೆವರು ಕಣ್ಣಿಗಿಳಿಯಿತು. ಆರತಿ ಮುಗಿದಾಗ ದೇಸಾಯರು ಹತ್ತಿರ ಬಂದು, ತುಂಬಿದ ಮನಸ್ಸಿನಿಂದ ನನ್ನ ಬೆನ್ನು ತಟ್ಟಿ ಹೇಳಿದರು: ‘ಭೇಷ್ ನೀಲಪ್ಪಾ! ಥೇಟ್ ಮಶೀನ್ ಬಾರಿಸಿಧಾಂಗ ಬಾರಿಸಿದಿ ನೋಡು.’

ತಮ್ಮ ವಿಶ್ವಾಸಿ,
ನೀಲಪ್ಪ
(ತಾವು ಬರುವವರೆಗೆ) ನಗಾರಿಯವನು

ತಾ.ಕ.: ಮಂತ್ರಗಳನ್ನೆಲ್ಲ ತಪ್ಪಿಲ್ಲದೆ ಹೇಳುವ, ದಕ್ಷಿಣೆ ಕೇಳದ ಜಪಾನಿನ ಟೇಪ್ ರೆಕಾರ್ಡರೊಂದನ್ನು ದಸರೆಯೊಳಗೆ ತರಿಸುವುದೆಂದು ಪಂಚರು ನಿನ್ನೆ ಸಂಜೆ ಮಾತಾಡಿಕೊಂಡಿದ್ದಾರೆ. ದತ್ತಾತ್ರಿ ಭಟ್ಟರು ಇವತ್ತು ಬೆಳಿಗ್ಗೆ ನಮ್ಮ ಕೋಣೆಗೆ ಮೊದಲ ಸಲ ಬಂದು, ಈ ಪತ್ರದ ಕೆಳಗೆ ಇನ್ನೊಂದು ಸಹಿಗೆ ಜಾಗ ಉಂಟೇ ಎಂದು ಕೇಳಿ ಹೋದರು.