ಗಂಗವ್ವಸಪ್ಪ, ಒಳಗ ಬರ್ರಿ

ಕಂಪ್ಯೂಟರಿಗೆ ಸ್ವಂತ ಬುದ್ಧಿ ಇಲ್ಲ, ನಾವು ಹೇಳಿದಷ್ಟೇ ಮಾಡುತ್ತದೆ ಎಂದು ಪಾಠ ಹೇಳಿ ಹೊಟ್ಟೆ ಹೊರೆದವನು ನಾನು. ಅದೂ ನಾನು ಹೇಳಿದಷ್ಟನ್ನೇ ಮಾಡಿ ನನ್ನ ಮಾನ ಕಳೆಯುತ್ತಲೇ ಬಂದಿದೆ. ಒಂದು ಫಜೀತಿ ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ಹಾಜರಿರುತ್ತದೆ.

ತೊಂಬತ್ತರ ದಶಕದ ಕೊನೆಯ ಮಾತು. ಬೈಲಹೊಂಗಲದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಸಿ ಭಾಷೆ ಕಲಿಸುತ್ತಿದ್ದೆ. ಕಲಿಯುವವರು ಕಡಿಮೆಯಾದಾಗ ನಮ್ಮ ಮಾಲಕರು ಡಾಕ್ಟರೊಬ್ಬರ ದವಾಖಾನೆಯ ಕೆಲಸ ಹಿಡಿದು ತಂದರು. ಕಂಪೌಂಡರ್ ತನ್ನ ಮೇಜಿನ ಮೇಲೆ ರೋಗಿಯ ಹೆಸರು ಟೈಪ್ ಮಾಡಬೇಕು, ಸರದಿ ಬಂದಾಗ ಅದು ಹೊರಗೆ ರೋಗಿಗಳು ಕೂಡುವ ಹಾಲಿನ ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಮೂಡಬೇಕು. ಹೆಸರು ತೆಗೆದುಕೊಳ್ಳುವುದು ಒಂದು ಪ್ರೋಗ್ರಾಮು, ತೋರಿಸುವುದು ಇನ್ನೊಂದು. ಇದು ಅದಕ್ಕೆ ಹೆಸರನ್ನು ಸಂದೇಶದಲ್ಲಿ ಕಟ್ಟಿ ಕಳಿಸಬೇಕು. ಇಷ್ಟೇ ಕೆಲಸ.

"ಈ ಡಾಕ್ಟರು ಒಪ್ಪಿದ್ರ ಸವದತ್ತ್ಯಾಗ ಅವರ ದೋಸ್ತ ಡಾಕ್ಟರೂ ತೊಗೋತಾರ. ಆಗ ನೀವು ಪರ್ಮನೆಂಟ್," ಎಂದರು ಮಾಲಕರು. "ಒಪ್ಪಲಿಲ್ಲಂದ್ರ ನಿಮ್ಮಪ್ಪಾರ ಅಂಗಡ್ಯಾಗ ಜೀರಿಗಿ ಪುಡಕಿ ಕಟ್ಕೋಂತ ಕುಂದರ್ರಿ."

ನಮ್ಮಪ್ಪನ ಕಿರಾಣಿ ಅಂಗಡಿಯಲ್ಲಿ ನನಗೆಂದೇ ಒಂದು ಸ್ಟೂಲು ಖಾಲಿ ಇತ್ತು. ಅದರ ಮೇಲೆ ಕೂಡುವ ಮನಸ್ಸು ನನಗೆ ಸುತಾರಾಂ ಇರಲಿಲ್ಲ.

ಎಡಕ್ಕ ಮೂರನೇ ಅಂಗಡಿ

ಮೊದಲ ದಿನ ಕ್ಲಾಸಿನಲ್ಲೇ ಓಡಿಸಿ ನೋಡಿದೆವು. ಮಾಲಕರ ಹೆಸರು ಟೈಪ್ ಮಾಡಿದರೆ ಪರದೆಯ ಮೇಲೆ ಬರೀ ಕಸ.

"ಇದೇನ್ರಿ, ನನ್ನ ಹೆಸರು ಇಷ್ಟು ಕೆಟ್ಟೈತೇನು?" ಎಂದರು.

ನಾನು ತಿಳಿಸಿ ಹೇಳಿದೆ. "ನಾ ಕಳಿಸಿದ್ದು ಹೆಸರಲ್ಲ ಸರ್, ಆ ಹೆಸರು ಎಲ್ಲಿ ಕುಂತೈತಿ ಅನ್ನೂ ವಿಳಾಸ. ಆ ಪ್ರೋಗ್ರಾಮು ಅದ ವಿಳಾಸ ತೊಗೊಂಡು ತನ್ನ ಮನ್ಯಾಗ ಹುಡಕೈತಿ. ಅಲ್ಲಿ ಬ್ಯಾರೆ ಏನೋ ಸಿಕ್ಕೈತಿ."

ಅದು ಅವರ ತಲೆಗೆ ಹೋಗಲಿಲ್ಲ. ಅದನ್ನು ಅವರ ತಲೆಗೆ ಇಳಿಸಿದ್ದು ಅವರ ತಾಯಿ.

ಆ ವಾರವೇ ಸುರೇಬಾನದಿಂದ ಅವರ ತಾಯಿ ಬಸ್ಸಿನ ಕಂಡಕ್ಟರ ಕೈಯಲ್ಲಿ ಹೋಳಿಗೆಯ ಬುತ್ತಿ ಕೊಟ್ಟು, "ಸ್ಟ್ಯಾಂಡ್ ಬಂತಂದ್ರ ಎಡಕ್ಕ ಮೂರನೇ ಅಂಗಡಿ, ನಮ್ಮ ಮಗಂದು" ಎಂದು ಹೇಳಿದರಂತೆ. ಯಾವ ಊರಿನ ಸ್ಟ್ಯಾಂಡ್ ಎಂದು ಹೇಳಲಿಲ್ಲ. ಕಂಡಕ್ಟರ ಮೊದಲು ಸಿಕ್ಕ ರಾಮದುರ್ಗದ ಸ್ಟ್ಯಾಂಡಿನಲ್ಲಿಳಿದು ಎಡಕ್ಕೆ ಮೂರನೇ ಅಂಗಡಿಗೆ ನಿಷ್ಠೆಯಿಂದ ಮುಟ್ಟಿಸಿದ. ಅದೊಂದು ಹೇರ್ ಕಟಿಂಗ್ ಸಲೂನು.

ವಿಚಾರಿಸಿಕೊಂಡು ಮಾಲಕರು ಅಲ್ಲಿಗೇ ಹೋದರು. ಸಲೂನಿನವನು ಡಬ್ಬಿ ತೊಳೆದು ಒರೆಸಿ ಇಟ್ಟಿದ್ದ. "ಭಾಳ ಛಲೋ ಆಗಿದ್ವು ರೀ. ತುಪ್ಪ ಒಂದಿದ್ದಿದ್ರ ನೋಡಬೇಕಾಗಿತ್ತು," ಎಂದ.

ಈ ಮಾತು ಹೇಗೋ ತಾಯಿಯ ಕಿವಿಗೆ ಬಿತ್ತು. ಮರುದಿನ ತುಪ್ಪವೂ ಅಲ್ಲಿಗೇ ಹೋಯಿತು.

ಬಾಲ ಯಾರದು?

ವಿಳಾಸದ ಬದಲು ಹೆಸರನ್ನೇ ಕಳಿಸುವಂತೆ ಮಾಡಿ ದವಾಖಾನೆಯಲ್ಲಿ ಕೂಡಿಸಿದೆವು. ಆದರೆ ಸಿ ಭಾಷೆಗೆ ಒಂದು ಚಾಳಿ ಇದೆ. ಪ್ರತಿ ಹೆಸರಿನ ಕೊನೆಗೆ 'ಇಲ್ಲಿಗೆ ಮುಗಿಯಿತು' ಎಂದು ತಿಳಿಸುವ, ಕಣ್ಣಿಗೆ ಕಾಣದ ಒಂದು ಸೊನ್ನೆ ಇಡಬೇಕು. ಇಡದಿದ್ದರೆ ಅದು ಹಿಂದಿನ ಹೆಸರಿನಲ್ಲಿ ಉಳಿದ ಅಕ್ಷರಗಳನ್ನೂ ಸೇರಿಸಿ ಓದುತ್ತ ಹೋಗುತ್ತದೆ. ನಾನು ಇಟ್ಟಿರಲಿಲ್ಲ.

ಚನ್ನಬಸಪ್ಪ ಎಂಬ ಅಜ್ಜ ಒಳಗೆ ತೋರಿಸಿಕೊಂಡು ಬಂದು ಹಾಲಿನಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಮುಂದಿನ ಸರದಿ ಗಂಗವ್ವ ಎಂಬ ಅಜ್ಜಿಯದು. ಅವಳ ಹೆಸರು ಅವನ ಹೆಸರಿಗಿಂತ ಗಿಡ್ಡ. ಕಂಪೌಂಡರ್ ಪರದೆ ನೋಡಿ ಕೂಗಿದ: "ಗಂಗವ್ವಸಪ್ಪ, ಒಳಗ ಬರ್ರಿ."

ಇಬ್ಬರೂ ಎದ್ದರು.

"ಮಾರಿ ನಂದೈತಿ," ಎಂದಳು ಅಜ್ಜಿ.

"ಬಾಲ ನಂದೈತಲ್ಲವಾ," ಎಂದ ಅಜ್ಜ.

ಕಂಪೌಂಡರ್ ಅಜ್ಜಿಯನ್ನೇ ಒಳಗೆ ಕಳಿಸಲು ನೋಡಿದರೆ ಅವಳು ಬಾಗಿಲಲ್ಲೇ ಕೂತುಬಿಟ್ಟಳು. "ನಾ ಒಲ್ಲೆ. ಇದನ್ನ ನೋಡಿ ಡಾಕ್ಟರು ನನಗ ಗಂಡಸರ ಗುಳಿಗಿ ಕೊಡ್ತಾರ. ಮದಲ ನನ್ನ ಹೆಸರಿನಾಗಿಂದ ಆ ಮುದುಕನ್ನ ಕೆಳಗ ಇಳಸ್ರಿ."

ಬೈಲಹೊಂಗಲದವ

ಸೊನ್ನೆ ಇಟ್ಟೆ. ಜೊತೆಗೆ ಅತಿ ಶಾಣ್ಯಾತನ ಮಾಡಿ, ಯಾವ ಹೆಸರಿಗೂ ಹದಿನಾರು ಅಕ್ಷರ ಸಾಕು, ಉಳಿದದ್ದನ್ನು ಕತ್ತರಿಸು ಎಂದೂ ಬರೆದೆ.

ನಮ್ಮ ಭಾಗದಲ್ಲಿ ಕಲ್ಲು ಎಸೆದರೆ ಅದು ಒಬ್ಬ ಕಲ್ಲಪ್ಪನಿಗೇ ಬೀಳುತ್ತದೆ. ಗೊಂದಲ ಬೇಡವೆಂದು ಕಂಪೌಂಡರ್ ತಾನೇ ತಲೆ ಓಡಿಸಿ ಹೆಸರಿಗಿಂತ ಮೊದಲು ಊರನ್ನೂ ಹಚ್ಚತೊಡಗಿದ್ದ. ಬೈಲಹೊಂಗಲ ಎಂಬುದೇ ಅಷ್ಟು ಜಾಗ ತಿಂದು, ಕಲ್ಲಪ್ಪನ 'ಪ್ಪ' ಹಾರಿಹೋಯಿತು. ಇಂಗ್ಲಿಷ್ ಅಕ್ಷರದಲ್ಲಿ ಕಲ್ಲನೂ ಕಳ್ಳನೂ ಒಂದೇ.

"ಬೈಲಹೊಂಗಲ ಕಳ್ಳ," ಎಂದು ಕಂಪೌಂಡರ್ ಗಟ್ಟಿಯಾಗಿ ಓದಿದ. "ಯಾರದೀರಿ, ಬರ್ರಿ."

ಮೊಣಕಾಲು ಬೇನೆಗೆಂದು ಬಂದು ಮೂಲೆಯಲ್ಲಿ ಕೂತಿದ್ದ ರಿಟೈರ್ಡ್ ಪೊಲೀಸ್ ಹವಾಲ್ದಾರರು ಚಂಗನೆ ಎದ್ದರು. ಹೋಗಿ ಬಾಗಿಲಿಗೆ ಚಿಲಕ ಹಾಕಿದರು. "ಒಬ್ರೂ ಹೊರಗ ಹೋಗಬ್ಯಾಡ್ರಿ," ಎಂದು ಒಬ್ಬೊಬ್ಬರ ಮುಖವನ್ನೇ ದಿಟ್ಟಿಸುತ್ತ ಬಂದರು. ಬಸುರಿ ಹೆಂಗಸೊಬ್ಬಳು ತನ್ನ ಚೀಲ ತಾನೇ ಬಿಚ್ಚಿ ತೋರಿಸಿದಳು.

ಕಂಪೌಂಡರ್ ತನ್ನ ಪಟ್ಟಿ ನೋಡಿ ಬೆವೆತುಹೋದ. ಹತ್ತಿರ ಬಂದು ಅವರ ಕಿವಿಯಲ್ಲಿ ಹೇಳಿದ: "ಸಾಹೇಬ್ರ, ಅಂವಾ ನೀವರಿ."

ಯಾರು?

ಡಾಕ್ಟರು ನನ್ನನ್ನು ಕರೆಸಿದರು. "ನಾಳೆ ಸವದತ್ತಿ ಡಾಕ್ಟರು, ಅವರ ಮನಿಯವ್ರು ಇಬ್ರೂ ನೋಡಾಕ ಬರತಾರ. ನಾಳೆ ಮತ್ತೇನರ ಆತಂದ್ರ ನಿಮ್ಮ ಸಾಮಾನು ಎತ್ಕೊಂಡು ನಡೀರಿ."

ನನಗೆ ಜೀರಿಗೆಯ ವಾಸನೆ ಆಗಲೇ ಮೂಗಿಗೆ ಬಡಿಯಿತು. ಜಾಗ ಹೆಚ್ಚಿಸಿದೆ, ಸೊನ್ನೆ ಸರಿಯಾಗಿದೆಯೇ ನೋಡಿದೆ, ಕಂಪೌಂಡರನಿಗೆ ಕೈಮುಗಿದು ಹೇಳಿದೆ: "ನಿಮ್ಮ ತಲಿ ಓಡಸಬ್ಯಾಡ್ರಿ. ಅವರು ಏನು ಹೇಳ್ತಾರ, ಅಷ್ಟನ್ನ ಟೈಪ್ ಮಾಡ್ರಿ."

ಬೆಳಿಗ್ಗೆ ಸವದತ್ತಿ ಡಾಕ್ಟರು ಪತ್ನಿಯೊಡನೆ ಹಾಲಿನಲ್ಲಿ ರೋಗಿಗಳ ನಡುವೆಯೇ ಕೂತರು. ಹೆಸರುಗಳು ಒಂದರ ಹಿಂದೊಂದು ಸ್ವಚ್ಛವಾಗಿ ಮೂಡಿದವು. ಅವರು ತಲೆದೂಗಿದರು. ಮೂಲೆಯಲ್ಲಿ ಮಾಲಕರ ಪಕ್ಕ ನಿಂತಿದ್ದ ನಾನು ಉಸಿರು ಬಿಟ್ಟೆ.

ಅಷ್ಟರಲ್ಲಿ ಕಿತ್ತೂರ ಕಡೆಯ ಹೆಣ್ಣುಮಗಳೊಬ್ಬಳು ಜ್ವರ ಬಂದ ಗಂಡನನ್ನು ಬೆಂಚಿನ ಮೇಲೆ ಕೂಡಿಸಿ ಹೆಸರು ಹಚ್ಚಲು ಬಂದಳು.

"ಹೆಸರೇನ್ರಿ ಅವರದು?"

ಗಂಡನ ಹೆಸರು ಬಾಯಲ್ಲಿ ಹೇಗೆ ಹೇಳಿಯಾಳು? ಸೆರಗು ಬಾಯಿಗೆ ಹಿಡಿದು, "ನಮ್ಮನಿಯವ್ರು ರೀ," ಎಂದಳು.

ಕಂಪೌಂಡರ್ ಅಷ್ಟನ್ನೇ ಟೈಪ್ ಮಾಡಿದ. ಒಂದಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ. ಸರದಿ ಬಂದಾಗ ಕೂಗಿದ: "ನಮ್ಮನಿಯವ್ರು, ಒಳಗ ಬರ್ರಿ."

ಹಾಲಿನಲ್ಲಿದ್ದ ಹೆಂಗಸರೆಲ್ಲ ತಮ್ಮ ತಮ್ಮ ಗಂಡಂದಿರನ್ನು ಎಬ್ಬಿಸಿ ದಬ್ಬಿದರು. ಸವದತ್ತಿ ಡಾಕ್ಟರ ಪತ್ನಿ, ಎಂ.ಎ. ಓದಿದ ಬಾಯಾರೂ ಬಿಡಲಿಲ್ಲ. "ಏಳ್ರಿ, ಕರೀಲಿಕತ್ತಾರ," ಎಂದು ಡಾಕ್ಟರನ್ನು ತಿವಿದರು. ಜ್ವರ ಬಂದವನೊಬ್ಬನನ್ನು ಬಿಟ್ಟು ಗಂಡಸರೆಲ್ಲ ಒಳಗೆ ನುಗ್ಗಿದರು. ನಮ್ಮ ಡಾಕ್ಟರು ಏನೋ ಬರೆಯುತ್ತಿದ್ದರು. ತಲೆ ಎತ್ತದೆ, ಎಲ್ಲರಿಗಿಂತ ಮುಂದಿದ್ದವರ ಬಾಯಲ್ಲಿ ಥರ್ಮಾಮೀಟರು ಇಟ್ಟರು. ಅವರು ಸವದತ್ತಿ ಡಾಕ್ಟರು.

ಇನ್ನು ಸಾಮಾನು ಎತ್ತುವುದೇ ಎಂದುಕೊಂಡು ಮಾಲಕರೂ ನಾನೂ ಹಿಂದೆಯೇ ಒಳಗೆ ಓಡಿದೆವು. ಆದರೆ ಸವದತ್ತಿ ಡಾಕ್ಟರು ಬಾಯಲ್ಲಿ ಥರ್ಮಾಮೀಟರು ಇಟ್ಟುಕೊಂಡೇ ಹೊಟ್ಟೆ ಕುಣಿಸಿ ನಗುತ್ತಿದ್ದರು. ಹೊರಗಿನ ಪರದೆಯ ಕಡೆ ಬೊಟ್ಟು ಮಾಡಿ, ತಮ್ಮ ಎದೆ ಮುಟ್ಟಿ, ನಮಗೂ ಒಂದಿರಲಿ ಎಂದು ಸನ್ನೆ ಮಾಡಿದರು. ಮಾಲಕರು ನನ್ನ ಬೆನ್ನು ತಟ್ಟಿದರು. ನೌಕರಿ ಉಳಿಯಿತು. ಖುಷಿಯಲ್ಲಿ ನನಗೆ ಅಳುವೇ ಬಂತು.

ಅವರ ಮನಸ್ಸು ಬದಲಾಗುವ ಮೊದಲೇ ಕೆಲಸ ಶುರು ಮಾಡೋಣವೆಂದು ಪೆನ್ನು ತೆಗೆದೆ. "ಸರ್, ನಿಮ್ಮ ಪರದಿ ಮ್ಯಾಲೆ ಡಾಕ್ಟರ ಹೆಸರು ಏನಂತ ಹಾಕೂಣ್ರಿ?"

ಬಾಯಲ್ಲಿ ಥರ್ಮಾಮೀಟರು ಇತ್ತಲ್ಲ, ಅವರು ಬಾಗಿಲಿಗೆ ಬಂದು ನಿಂತಿದ್ದ ಪತ್ನಿಯ ಕಡೆ ಕೈ ತೋರಿಸಿದರು. ಬಾಯಾರು ನಾಚಿ ನೆಲ ನೋಡಿದರು.

"ನಮ್ಮನಿಯವ್ರು ಅಂತ ಹಾಕ್ರಿ."