ಹನ್ನೊಂದು ಕಪ್ಪಿನ ಕೃತಜ್ಞತೆ

ಎಲ್ಲದಕ್ಕೂ ಕಾರಣವಾದದ್ದು ಮೆಟ್ಟಿಲ ಮೇಲೆ ಕಿವಿಗೆ ಬಿದ್ದ ಒಂದು ಮಾತು.

"ಎರಡು ತಿಂಗಳು ಆಸ್ಪತ್ರೆಗೆ ಕರ್ಕೊಂಡು ಓಡಾಡಿದ್ದೀನಿ. ಒಂದು ಥ್ಯಾಂಕ್ಸ್ ಅಂದಿದ್ರೆ ಪುಣ್ಯಾತ್ಮನ ಹಲ್ಲು ಉದುರ್ತಿತ್ತಾ? ಉದುರಿದ್ರೂ ಏನಂತೆ, ಬೇರೆ ಮಾಡ್ಕೊಳ್ತಿದ್ದ."

ಹೇಳಿದವರು ಎದುರು ಮನೆಯ ಡ್ರೈವಿಂಗ್ ಮೇಷ್ಟ್ರು. ಕೇಳಿಸಿಕೊಂಡವರು ಕೆಳಗಿನ ಮನೆಯ ನರ್ಸಮ್ಮ. ಕೇಳಿಸಿಕೊಳ್ಳಬಾರದಾಗಿದ್ದವನು ಒಂದು ಮಹಡಿ ಮೇಲೆ ಕಸದ ಬುಟ್ಟಿ ಹಿಡಿದು ನಿಂತಿದ್ದ ಹಲ್ಲಣ್ಣ.

ಹಲ್ಲಣ್ಣ ಎನ್ನುವುದು ಕಟ್ಟಡದವರು ಅವನಿಗೆ ಇಟ್ಟ ಹೆಸರು. ದಂತವೈದ್ಯರಿಗೆ ಕಟ್ಟು ಹಲ್ಲಿನ ಸೆಟ್ಟು ಮಾಡಿಕೊಡುವುದು ಅವನ ಕಸುಬು. ಇಪ್ಪತ್ತೆರಡು ವರ್ಷಗಳಿಂದ ಎಷ್ಟೋ ಬೊಚ್ಚುಬಾಯಿಗಳಿಗೆ ಮಾತು ಕೊಟ್ಟವನ ಬಾಯಿ ಮಾತ್ರ ಬೇಕಾದ ಹೊತ್ತಿಗೆ ತೆರೆದುಕೊಳ್ಳುತ್ತಿರಲಿಲ್ಲ. ಮದುವೆ ಗೊತ್ತಾಗುವಾಗಲೂ ಒಪ್ಪಿಗೆ ಎಂದು ಬಾಯಲ್ಲಿ ಹೇಳದೆ ತಲೆಯನ್ನಷ್ಟೇ ಆಡಿಸಿದ್ದ ಎಂದು ಅವನ ಹೆಂಡತಿ ಈಗಲೂ ಹೇಳುತ್ತಾಳೆ.

ಹಾಗೆಂದು ಅವನಿಗೆ ಕೃತಜ್ಞತೆ ಇರಲಿಲ್ಲವೇ? ಎದೆ ತುಂಬಿಕೊಂಡಿತ್ತು. ಒದ್ದೆ ಮೆಟ್ಟಿಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡ ದಿನದಿಂದ ಅದು ವಾಸಿಯಾಗುವವರೆಗೆ ಅವನನ್ನು ನೋಡಿಕೊಂಡವರು ಈ ಅಕ್ಕಪಕ್ಕದವರೇ. ನಿವೃತ್ತರಾದ ಮೇಲೆ ಕೈಕಟ್ಟಿ ಕೂತು ಬೇಸತ್ತಿದ್ದ ನರ್ಸಮ್ಮ ಇವನ ಪ್ಲಾಸ್ಟರ್ ಕಾಲನ್ನು ಮತ್ತೆ ಸಿಕ್ಕ ನೌಕರಿಯಂತೆ ವಹಿಸಿಕೊಂಡರು. ದಿನಾ ಸಂಜೆ ಒಂದು ಪಾತ್ರೆ ತರಕಾರಿ ಸೂಪು ತಂದುಕೊಟ್ಟರು. ಡ್ರೈವಿಂಗ್ ಮೇಷ್ಟ್ರು ಶಿಷ್ಯರನ್ನು ಕಾಯಿಸಿಯಾದರೂ ವಾರಕ್ಕೆರಡು ಸಲ ತಮ್ಮ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಮೇಲಿನ ಮಹಡಿಯಲ್ಲಿ ಒಬ್ಬ ಲಿಫ್ಟ್ ಮೆಕ್ಯಾನಿಕ್ ಇದ್ದ. ಕಟ್ಟಡದಲ್ಲಿ ಲಿಫ್ಟ್ ಇರಲಿಲ್ಲ. ಆದ್ದರಿಂದ ಹಲ್ಲಣ್ಣನನ್ನು ಬೆನ್ನ ಮೇಲೆ ಹೊತ್ತು ಮೂರು ಮಹಡಿ ಇಳಿಸುವ, ಹತ್ತಿಸುವ ಕೆಲಸವನ್ನು ಆತನೇ ಮಾಡಿದ.

ಇಷ್ಟಕ್ಕೆಲ್ಲ ಹಲ್ಲಣ್ಣ ಹೇಳಿದ್ದು "ಹ್ಞೂಂ" ಎಂಬ ಒಂದೇ ಅಕ್ಷರ.

ಕಸದ ಬುಟ್ಟಿಯೊಂದಿಗೆ ವಾಪಸ್ಸು ಬಂದವನು ಹೆಂಡತಿಯ ಮುಂದೆ ಕೂತ. ಬಾಯಲ್ಲಿ ಹೇಳಲಾಗದ್ದನ್ನು ಕೈಯಲ್ಲಿ ಹೇಳುತ್ತೇನೆ ಎಂದ. ಆ ಮೂವರನ್ನೂ ಮನೆಗೆ ಕರೆದು, ಅವರ ಜನ್ಮದಲ್ಲೇ ಕುಡಿದಿರದಂಥ ಎಸ್ಪ್ರೆಸೊ ಮಾಡಿ ಕುಡಿಸುವುದು. ಆ ಕಪ್ಪು ಹಿಡಿದಾಗ ಅವರಿಗೆ ಎಲ್ಲ ತಾನಾಗಿ ಅರ್ಥವಾಗುತ್ತದೆ. ಹೆಂಡತಿ, "ಥ್ಯಾಂಕ್ಸ್ ಅನ್ನೋದು ಇದಕ್ಕಿಂತ ಸುಲಭ ಅಲ್ವೇನ್ರೀ?" ಎಂದಳು. ಅವನಿಗೆ ಹಾಗೆ ಅನ್ನಿಸಲಿಲ್ಲ.

ಬೀಜ ಹುರಿದು ಮಾರುವ ಅಂಗಡಿಯೊಂದು ಅವನ ಕೆಲಸದ ದಾರಿಯಲ್ಲಿತ್ತು. ಅಂಗಡಿಯಾಕೆ ಕಾಫಿ ಬಣ್ಣದ ಏಪ್ರನ್ ಕಟ್ಟಿಕೊಂಡು, ಶಾಲೆಯ ಮೇಡಂ ಥರ ಪಾಠ ಮಾಡುವವಳು. ಹೊಳೆಯುವ ದೊಡ್ಡ ಯಂತ್ರ ನೋಡಿ ಮರುಳಾಗಬೇಡಿ, ಚಿಕ್ಕದು ಸಾಕು, ಆದರೆ ಪುಡಿ ಮಾಡುವ ಗ್ರೈಂಡರ್ ಮಾತ್ರ ಒಳ್ಳೆಯದೇ ಇರಬೇಕು ಎಂದಳು. ಬ್ಲೇಡು ತಿರುಗುವ ಮಿಕ್ಸಿ ಬೀಜವನ್ನು ಕೊಚ್ಚುತ್ತದೆ, ಒಂದು ಕಾಳು ಮರಳಿನಷ್ಟು, ಇನ್ನೊಂದು ಜಲ್ಲಿಯಷ್ಟು. ಬೀಸುವ ಚಕ್ರಗಳಿರುವ ಗ್ರೈಂಡರಾದರೆ ಎಲ್ಲ ಒಂದೇ ಸಮ. ಬೀಜ ಹುರಿದು ಒಂದು ವಾರವಾದರೂ ಆಗಿರಬೇಕು, ತಿಂಗಳು ದಾಟಿರಬಾರದು. ಹದಿನೆಂಟು ಗ್ರಾಂ ಪುಡಿಗೆ ಮೂವತ್ತಾರು ಗ್ರಾಂ ಕಾಫಿ, ಅದೂ ಇಪ್ಪತ್ತೈದರಿಂದ ಮೂವತ್ತು ಸೆಕೆಂಡಿನೊಳಗೆ ಇಳಿಯಬೇಕು. ಬೇಗ ಇಳಿದರೆ ಹುಳಿ, ತಡವಾದರೆ ಕಹಿ.

ಹಲ್ಲಣ್ಣನಿಗೆ ಇದು ತನ್ನದೇ ಭಾಷೆಯಂತೆ ಕೇಳಿಸಿತು. ಅವನೂ ದಿನವಿಡೀ ಪುಡಿ ತೂಗಿ, ನೀರು ಅಳೆದು, ಸೆಕೆಂಡು ಎಣಿಸಿ ಅಚ್ಚು ತೆಗೆಯುವವನೇ. ಆಕೆ ಆರೋಗ್ಯ ಹೇಗಿದೆ, ನಿದ್ದೆ ಕೆಡುತ್ತದಾ, ಎದೆ ಬಡಿತ ಗಿಡಿತ ಉಂಟಾ ಎಂದೆಲ್ಲ ವಿಚಾರಿಸಿದಳು. ಅವನು ಎಂದಿನಂತೆ ತಲೆಯಾಡಿಸಿದ. ಆಕೆ ಒಳಗೆ ಹೋಗಿ ಬೀಜದ ಒಂದು ಪೊಟ್ಟಣ ತಂದುಕೊಟ್ಟಳು. ಅದರ ಜೊತೆಗೆ ಚಿಕ್ಕದೊಂದು ಯಂತ್ರ, ಒಳ್ಳೆಯದೊಂದು ಗ್ರೈಂಡರ್ ಎರಡನ್ನೂ ಅವನು ಕೊಂಡು ತಂದ.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಬನ್ನಿ ಎಂದು ಹೆಂಡತಿ ಮೂರೂ ಮನೆಗೆ ಹೇಳಿ ಬಂದಳು. ಹಲ್ಲಣ್ಣ ಶುಕ್ರವಾರದಿಂದಲೇ ನಿದ್ದೆಗೆಟ್ಟ. ಭಾನುವಾರ ಏಳು ಗಂಟೆಗೆ, ತಿಂಡಿಯನ್ನೂ ಮುಟ್ಟದೆ, ಯಂತ್ರದ ಮುಂದೆ ನಿಂತ.

ಮೊದಲನೆಯ ಕಾಫಿ ಎಂಟು ಸೆಕೆಂಡಿನಲ್ಲಿ ಸುರಿದುಹೋಯಿತು. ಎಸೆಯಲು ಮನಸ್ಸಾಗದೆ ಕುಡಿದ. ನಿಂಬೆಹುಳಿ ನೆಕ್ಕಿದಂತಾಯಿತು. ಪುಡಿಯನ್ನು ನುಣ್ಣಗೆ ಮಾಡಿದ. ಎರಡನೆಯದು ಹದಿನೈದು ಸೆಕೆಂಡು, ಅದನ್ನೂ ಕುಡಿದ. ಮೂರನೆಯದು ತೊಟ್ಟು ತೊಟ್ಟಾಗಿ ಎಪ್ಪತ್ತು ಸೆಕೆಂಡು ಅತ್ತಿತು. ಕರಗಿದ ಟಾರಿನಂತಿದ್ದ ಅದನ್ನೂ ಕಣ್ಣುಮುಚ್ಚಿ ಕುಡಿದ. ಬಂದವರಿಗೆ ಕೊಡುವುದನ್ನು ತಾನು ರುಚಿ ನೋಡದೆ ಕೊಡಬಾರದು ಎಂಬುದು ಅವನ ನಿಯಮ. ಒಂಬತ್ತು ಗಂಟೆಯ ಹೊತ್ತಿಗೆ ಏಳು ಕಪ್ಪು ಹೊಟ್ಟೆ ಸೇರಿತ್ತು.

ಆಗ ಯಂತ್ರದ ಗುರುಗುಟ್ಟುವಿಕೆ ಕೇಳಿ ಡ್ರೈವಿಂಗ್ ಮೇಷ್ಟ್ರು ಒಂದು ಗಂಟೆ ಮೊದಲೇ ಬಂದರು. ಅವರಿಗೆ ಯಂತ್ರ ಅಂದರೆ ಕಾರು, ಬೇರೆ ಯಾವುದೂ ಇಲ್ಲ. ಯಂತ್ರಕ್ಕೆ ಕಿವಿಗೊಟ್ಟು ಕೇಳಿ, ಇದು ಬಿಸಿಯಾಗುವ ಮೊದಲೇ ಗೇರ್ ಹಾಕಿದ್ದರ ತೊಂದರೆ ಎಂದರು. ವಿಚಿತ್ರವೆಂದರೆ ಅವರ ಮಾತು ಸರಿಯಾಗಿಯೇ ಇತ್ತು; ಹಲ್ಲಣ್ಣ ಪ್ರತಿ ಕಪ್ಪಿಗೂ ಯಂತ್ರವನ್ನು ಆರಿಸಿ ಹೊಸದಾಗಿ ಹಚ್ಚುತ್ತಿದ್ದ. ಇಪ್ಪತ್ತು ನಿಮಿಷ ಕಾದು ಮಾಡಿದ ಎಂಟನೆಯ ಕಪ್ಪು ಹುಳಿ ಬಿಟ್ಟು ಮನುಷ್ಯರು ಕುಡಿಯುವಂತಾಯಿತು. ಅಷ್ಟರಲ್ಲಿ ನರ್ಸಮ್ಮ ಬಂದು, ಹಬೆ ಬಿಡುವ ನಳಿಕೆ ಸ್ವಚ್ಛವಿಲ್ಲವೆಂದು ಅದನ್ನು ಕುದಿನೀರಲ್ಲಿ ಅದ್ದಿ ಒರೆಸಿ, ಹಲ್ಲಣ್ಣನಿಗೆ ತಲೆಗೆ ಟೋಪಿ ಹಾಕಿಸಿದರು. ಅಡುಗೆಮನೆ ಆಪರೇಷನ್ ಥಿಯೇಟರಿನಂತಾಯಿತು. ಹಲ್ಲಣ್ಣನ ಕೈ ಆಗಲೇ ನಡುಗುತ್ತಿತ್ತು. ಒಂಬತ್ತು, ಹತ್ತನೆಯ ಕಪ್ಪುಗಳು ಇಪ್ಪತ್ತೆರಡು ಸೆಕೆಂಡಿಗೆ ಇಳಿದವು. ಇನ್ನು ಮೂರೇ ಸೆಕೆಂಡು.

ಕೊನೆಗೆ ಬಂದದ್ದು ಮೆಕ್ಯಾನಿಕ್. ಪುಡಿಯನ್ನು ಇನ್ನೂ ಗಟ್ಟಿಯಾಗಿ ಒತ್ತಬೇಕು ಎಂದು ಹಲ್ಲಣ್ಣನನ್ನು ಪಕ್ಕಕ್ಕೆ ಸರಿಸಿದ. ಬೆನ್ನ ಮೇಲೆ ಮನುಷ್ಯನನ್ನು ಹೊತ್ತು ಇಳಿಯುವ ತೋಳು ಅದು. ಪುಡಿ ತುಂಬುವ, ಉದ್ದ ಹಿಡಿಯ ಅಂಗೈಯಗಲದ ಬಟ್ಟಲಿನ ಮೇಲೆ ಮೈಭಾರವನ್ನೆಲ್ಲ ಹಾಕಿದ. ಪುಡಿ ಇಟ್ಟಿಗೆಯಾಯಿತು. ಬಟ್ಟಲನ್ನು ಸಿಕ್ಕಿಸಿದ ಮೇಲೆ ಯಂತ್ರ ಶುರುವಾಯಿತು, ತಿಣುಕಿತು, ಒಂದು ಹನಿಯೂ ಇಳಿಯಲಿಲ್ಲ. ಮೇಷ್ಟ್ರು ನ್ಯೂಟ್ರಲ್‌ಗೆ ತನ್ನಿ ಎಂದರು. ಒಳಗಿನ ಒತ್ತಡ ಇಳಿಯುವವರೆಗೆ ಬಟ್ಟಲಿನ ಹಿಡಿ ಬಿಚ್ಚಬಾರದು ಎಂದು ಅಂಗಡಿಯಾಕೆ ಹೇಳಿದ್ದು ಹಲ್ಲಣ್ಣನಿಗೆ ನೆನಪಾಯಿತು. ಆದರೆ ಅದು ನೆನಪಾದದ್ದು ಹಿಡಿಯನ್ನು ತಿರುಗಿಸಿದ ಮೇಲೆ.

ಯಂತ್ರ ಸೀನಿತು.

ಬಿಸಿ ಕೆಸರು ನಾಲ್ಕೂ ದಿಕ್ಕಿಗೆ ಹಾರಿತು. ಗೋಡೆ, ಚಾವಣಿ, ಗಡಿಯಾರ ಎಲ್ಲವೂ ಚುಕ್ಕಿ ಚುಕ್ಕಿಯಾದವು. ಪುಣ್ಯಕ್ಕೆ ಯಾರಿಗೂ ಸುಡಲಿಲ್ಲ. ಆದರೆ ನರ್ಸಮ್ಮನ ಬಿಳಿಯ ಮೇಲಂಗಿ ಚಿರತೆಯ ಚರ್ಮವಾಯಿತು; ಮೇಷ್ಟ್ರ ಕನ್ನಡಕದ ಎರಡು ಗಾಜಿನಲ್ಲಿ ಒಂದು ಮುಚ್ಚಿಹೋಯಿತು. ಹೆಂಡತಿ ಒಂದು ಟವಲನ್ನು ನಾಲ್ವರಿಗೂ ಸರದಿಯ ಮೇಲೆ ಕೊಟ್ಟಳು.

ಹಲ್ಲಣ್ಣ ಮುಖ ಒರೆಸಿಕೊಂಡು ಹನ್ನೊಂದನೆಯದನ್ನು ತಾನೇ ತೂಗಿ, ತಾನೇ ಹದವಾಗಿ ಒತ್ತಿ ಮಾಡಿದ. ಕಾಫಿ ಇಲಿಯ ಬಾಲದಷ್ಟು ಸಣ್ಣ ಧಾರೆಯಾಗಿ ಇಳಿಯಿತು. ಇಪ್ಪತ್ತೆಂಟು ಸೆಕೆಂಡು. ಮೇಲೆ ಜೇನುಬಣ್ಣದ ದಪ್ಪ ಕೆನೆ. ರುಚಿ ನೋಡಿದ, ಹುಳಿಯಿಲ್ಲ, ಕಹಿಯಿಲ್ಲ, ಕೊನೆಯಲ್ಲಿ ಬೆಲ್ಲದಂಥ ಒಂದು ನೆನಪು. ಖಾಲಿ ಕಪ್ಪು ಕೆಳಗಿಟ್ಟು ಮೂವರ ಮುಖ ನೋಡಿದ.

"ನರ್ಸಮ್ಮಾ," ಎಂದ, "ನೀವು ಬರೋ ಹೆಜ್ಜೆ ಸದ್ದು ಕೇಳಿದ್ರೆ ಸಾಕು, ನೋವು ಅರ್ಧ ಇಳೀತಿತ್ತು. ನಮ್ಮಮ್ಮ ಇದ್ದಿದ್ರೂ ಇಷ್ಟು ನೋಡ್ಕೊಳ್ತಿರ್ಲಿಲ್ಲ."

ನರ್ಸಮ್ಮ ಟವಲಿನಿಂದ ಕಣ್ಣೊತ್ತಿಕೊಂಡರು. ಅಲ್ಲಿಗೆ ನಿಲ್ಲಿಸಿದ್ದರೆ ಈ ಕತೆ ಇರುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಕಟ್ಟಿದ್ದ ಕಟ್ಟೆ ಒಡೆದಿತ್ತು. ಆ ಸೂಪಂತೂ ನಿಮ್ಮ ಪ್ರೀತಿಯೇ ಸರಿ, ಆದರೆ ಅದಕ್ಕೆ ಉಪ್ಪೂ ಇಲ್ಲ ರುಚಿಯೂ ಇಲ್ಲ, ಮೂರನೇ ದಿನದಿಂದ ನಾನದನ್ನು ಬಾಲ್ಕನಿಯ ಹೂಕುಂಡಕ್ಕೆ ಹೊಯ್ದೆ, ನನಗಿಂತ ಮೊದಲು ಗಿಡ ಎದ್ದು ನಿಂತಿತು, ಅದರ ಪರವಾಗಿಯೂ ನಿಮಗೆ ಕೈ ಮುಗಿಯುತ್ತೇನೆ ಎಂದ. ಮೇಷ್ಟ್ರ ಕೈ ಹಿಡಿದುಕೊಂಡು, ಇಂಥ ಸ್ನೇಹಿತ ಯಾರಿಗೂ ಸಿಗುವುದಿಲ್ಲ ಎಂದ. ಆದರೆ ನೀವು ಎಲೆ ಉದುರಿದರೂ ಬ್ರೇಕ್ ಹಾಕುತ್ತೀರಿ, ಒಂದೊಂದು ಬ್ರೇಕಿಗೂ ನನ್ನ ಮೂಳೆ ಹೊಸದಾಗಿ ಮುರಿಯಿತು, ನಿಮ್ಮ ಶಿಷ್ಯರು ಪಾಸಾಗುವುದೇ ಪವಾಡ ಎಂದೂ ಸೇರಿಸಿದ. ಮೆಕ್ಯಾನಿಕ್‌ನನ್ನು ತಬ್ಬಿಕೊಂಡು, ನೀನು ನನ್ನ ಒಡಹುಟ್ಟಿದ ತಮ್ಮ, ಆದರೆ ಹೊತ್ತು ಇಳಿಸುವಾಗ ಲಿಫ್ಟಿನ ಹಗ್ಗ ಹೇಗೆ ಹರಿಯುತ್ತದೆಂದು ಯಾಕಪ್ಪಾ ವಿವರಿಸುತ್ತಿದ್ದೆ ಎಂದು ಕೇಳಿದ. ಹೀಗೆ ಒಂದು ಕೃತಜ್ಞತೆ, ಅದರ ಬೆನ್ನಿಗೊಂದು ಸತ್ಯ, ಕಾಲು ಗಂಟೆ ಸುರಿಯಿತು.

ಹೆಂಡತಿ ಬೆವರಿದಳು. ಮೂವರ ಮುಖವೂ ಮೊದಲು ಕೆಂಪಾಗಿ, ಆಮೇಲೆ ಬಿಳಿಚಿಕೊಂಡಿತು. ಅಷ್ಟರಲ್ಲಿ ನರ್ಸಮ್ಮನ ಕಣ್ಣು ಸಿಂಕಿನಲ್ಲಿದ್ದ ಕಪ್ಪುಗಳ ಮೇಲೆ ಬಿತ್ತು. ಎಣಿಸಿದರು. ಹಲ್ಲಣ್ಣನ ಮಣಿಕಟ್ಟು ಹಿಡಿದು ನಾಡಿ ನೋಡಿದರು.

"ಹನ್ನೊಂದು ಕಪ್ಪು ಎಸ್ಪ್ರೆಸೊ. ನಾಡಿ ನೂರಿಪ್ಪತ್ತು. ಇವನು ಮಾತಾಡ್ತಾ ಇಲ್ಲ ಕಣ್ರೀ, ಕಾಫಿ ಮಾತಾಡ್ತಾ ಇದೆ."

ಎಲ್ಲರಿಗೂ ಎಷ್ಟು ಹಾಯೆನಿಸಿತೆಂದರೆ ಸಿಟ್ಟು ಅಲ್ಲೇ ಆವಿಯಾಯಿತು. ಮೆಕ್ಯಾನಿಕ್ ಹಲ್ಲಣ್ಣನನ್ನು ಬೆನ್ನಿಗೇರಿಸಿದ. ನನ್ನ ಕಾಲು ವಾಸಿಯಾಗಿದೆ ಎಂದರೂ ಕೇಳಲಿಲ್ಲ. ಆಸ್ಪತ್ರೆಗೆ ಹೋಗಲು ಮೇಷ್ಟ್ರು ಕಾರು ತೆಗೆದರು. ಕಾರಿನಲ್ಲಿ ನರ್ಸಮ್ಮ ಅವನ ತಲೆ ಸವರಿ, ಪಾಪ, ಹನ್ನೊಂದು ಕಪ್ಪು ಕುಡಿದರೆ ನಾನಾದರೂ ಏನೇನೋ ಅಂದುಬಿಡುತ್ತಿದ್ದೆ ಎಂದರು. ಮೇಷ್ಟ್ರು ಒಂದು ಸಿಗ್ನಲ್ಲಿನಲ್ಲಿ ಮಾತ್ರ ಬ್ರೇಕ್ ಹಾಕಲೋ ಬೇಡವೋ ಎಂದು ಯೋಚಿಸಿದರು. ಹಲ್ಲಣ್ಣ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿಕೊಂಡು, ತನ್ನ ಮಾತುಗಳನ್ನೆಲ್ಲ ಹೊತ್ತುಕೊಂಡ ಆ ಕಾಫಿಬೀಜಕ್ಕೆ ಮನಸ್ಸಿನಲ್ಲೇ ಅಡ್ಡಬಿದ್ದ. ಥ್ಯಾಂಕ್ಸ್ ಹೇಳಿದ್ದೂ ಆಯಿತು, ತಪ್ಪೆಲ್ಲ ಕಾಫಿಯದೂ ಆಯಿತು. ಇದಕ್ಕಿಂತ ಒಳ್ಳೆಯ ಭಾನುವಾರ ಉಂಟೆ?

ತುರ್ತು ವಿಭಾಗದ ಡಾಕ್ಟರು ಎದೆಯ ಗ್ರಾಫು ತೆಗೆಸಿದರು. ಗ್ರಾಫು ಸರಿಯಾಗಿತ್ತು. ಎರಡು ಬಿಸ್ಕತ್ತು, ಒಂದು ಲೋಟ ಸಕ್ಕರೆ ನೀರು ಕೊಡಿಸಿದರು. ಕೈ ನಡುಗುವುದು ನಿಂತಿತು. ಡಾಕ್ಟರು ಹುಬ್ಬು ಗಂಟಿಕ್ಕಿ, ಯಾವ ಬೀಜ, ಎಷ್ಟು ಸ್ಟ್ರಾಂಗ್ ಆದದ್ದು, ಸ್ವಲ್ಪ ವಿಚಾರಿಸಿ ಎಂದರು. ಹೆಂಡತಿ ಅಂಗಡಿಗೆ ಫೋನು ಹಚ್ಚಿದಳು. ಎಲ್ಲರಿಗೂ ಕೇಳಲಿ ಎಂದು ನರ್ಸಮ್ಮ ಸ್ಪೀಕರಿನ ಗುಂಡಿ ಒತ್ತಿದರು.

ಅಂಗಡಿಯಾಕೆ ನಕ್ಕುಬಿಟ್ಟಳು.

"ಏನೂ ಹೆದರ್ಬೇಡಿ. ನಿದ್ದೆ ಬರಲ್ಲ, ಎದೆ ಬಡ್ಕೊಳ್ಳುತ್ತೆ ಅಂತ ತಲೆಯಾಡಿಸಿದ್ರಲ್ಲ, ಅದಕ್ಕೇ ಕೆಫೀನ್ ತೆಗ್ದಿರೋ ಬೀಜ ಕೊಟ್ಟಿದ್ದೆ. ಅವರು ಅದನ್ನ ಹನ್ನೊಂದಲ್ಲ, ಇಪ್ಪತ್ತು ಕಪ್ಪು ಕುಡಿದ್ರೂ ಆಕಳಿಸ್ಬಹುದು, ಅಷ್ಟೆ."

ಡಾಕ್ಟರು ತಲೆದೂಗಿದರು. ಹಾಗಾದರೆ ಇದು ಖಾಲಿ ಹೊಟ್ಟೆ, ನಿದ್ದೆಗೇಡು, ಭಯ, ಮತ್ತೇನಿಲ್ಲ. ಮಾತಿಗೂ ಕಾಫಿಗೂ ಸಂಬಂಧವಿಲ್ಲ, ಆಡಿದ್ದೆಲ್ಲ ಇವರ ಸ್ವಂತದ್ದೇ ಎಂದು ಹೇಳಿ ಮುಂದಿನ ರೋಗಿಯತ್ತ ಹೋದರು.

ಮಂಚದ ಸುತ್ತ ಮೂವರು ನಿಂತಿದ್ದರು. ನರ್ಸಮ್ಮ ಮೇಲಂಗಿಯ ಚುಕ್ಕಿಗಳನ್ನು ಒಂದೊಂದಾಗಿ ನೋಡಿಕೊಂಡರು. ಕೊನೆಗೆ ಕೇಳಿದರು:

"ಹಂಗಾದ್ರೆ ಸೂಪಿನ ವಿಷ್ಯ ನಿಜಾನೇ?"

ಹಲ್ಲಣ್ಣನಿಗೆ ಅಡಗಿಕೊಳ್ಳಲು ಒಂದು ಕಾಳು ಕೆಫೀನೂ ಉಳಿದಿರಲಿಲ್ಲ. "ಹ್ಞೂಂ," ಎಂದ. ಎಲ್ಲಿ ಅಷ್ಟಕ್ಕೇ ಬಾಯಿ ಮುಚ್ಚಿಹೋಗುತ್ತದೋ ಎಂದು ಹೆದರಿ, ತಳ್ಳಿಕೊಂಡು ಹೇಳಿದ: "ಅಮ್ಮನ ವಿಷ್ಯಾನೂ ನಿಜ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಅದು ಶುಭ್ರವಾಗಿಯೇ ಇದ್ದರೂ. ಮೆಕ್ಯಾನಿಕ್ ಬಾಗಿ, ಏರಣ್ಣ ಬೆನ್ನಿಗೆ, ಹೋಗೋಣ ಎಂದ. ಯಾರೂ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಹಲ್ಲಣ್ಣನಿಗೆ ಒಳ್ಳೆಯದಿತ್ತು.

ಯಾಕೆಂದರೆ ಸೋಮವಾರ ಬೆಳಿಗ್ಗೆ ಏಳಕ್ಕೆ ಮೇಷ್ಟ್ರು, ತಾವು ಎಲ್ಲೆಲ್ಲಿ ಬ್ರೇಕ್ ಜಾಸ್ತಿ ಹಾಕುತ್ತೇವೆಂದು ಪಕ್ಕದಲ್ಲಿ ಕೂತು ಬರೆದುಕೊಳ್ಳಲು ಅವನನ್ನು ಕಾರಿಗೆ ಕರೆದೊಯ್ದರು. ಊರಲ್ಲೆಲ್ಲ ನಿಜ ಹೇಳುವವನು ಒಬ್ಬನೇ ಸಿಕ್ಕಿದ್ದಾನೆ, ಬಿಡುವುದುಂಟೆ ಎಂದರು. ಸಂಜೆ ಬಾಗಿಲು ತೆರೆದರೆ ನರ್ಸಮ್ಮ ನಿಂತಿದ್ದರು. ಒಂದು ಕೈಯಲ್ಲಿ ಹಬೆಯಾಡುವ ಪಾತ್ರೆ, ಇನ್ನೊಂದರಲ್ಲಿ ನೋಟ್‌ಬುಕ್ಕು.

"ಹೊಸಾ ರೀತಿ ಮಾಡಿದ್ದೀನಿ. ನನ್ನ ಮುಖ ನೋಡ್ಬೇಡ, ನಿಜ ಹೇಳು."

ಹಲ್ಲಣ್ಣ ಒಂದು ಚಮಚ ಬಾಯಿಗಿಟ್ಟ. ಚೆನ್ನಾಗಿದೆ ಎಂದುಬಿಟ್ಟರೆ ನಾಳೆಯೂ ಬರುತ್ತದೆ. ಚೆನ್ನಾಗಿಲ್ಲ ಎಂದರೆ ಸರಿಯಾಗುವವರೆಗೆ ದಿನಾ ಬರುತ್ತದೆ. ಅವನು ಆಕೆಯ ಮುಖ ನೋಡಿದ. ಆ ಮುಖದ ಮೇಲೆ ಎರಡು ತಿಂಗಳ ಅಷ್ಟೂ ಸಂಜೆಗಳು ಇದ್ದವು.

"ಉಪ್ಪು ಒಂಚೂರು ಕಮ್ಮಿ," ಎಂದ.

ನರ್ಸಮ್ಮ ಖುಷಿಯಿಂದ ಬರೆದುಕೊಂಡು, ಕುರ್ಚಿ ಎಳೆದು ಕೂತು, ಅವನು ಪಾತ್ರೆಯ ತಳ ಕಾಣುವವರೆಗೆ ಕಾದರು.