ಎಲ್ಲರಿಗೂ ಮೊದಲ ಪಾಳಿ

ಜಪ್ರಿಯಾನನಿಗೆ ಯಾರ ಮುಖಕ್ಕೂ ಇಲ್ಲ ಎನ್ನಲು ಬರುತ್ತಿರಲಿಲ್ಲ. ಅಂಥವನ ಕೈಗೇ ಊರಿನವರು ರಕಿಯಾ ಎಂಬ ಹಣ್ಣಿನ ಸಾರಾಯಿ ಇಳಿಸುವ ಭಟ್ಟಿಯ ಬೀಗದ ಕೈ ಕೊಟ್ಟಿದ್ದರು.

ಬಾಲ್ಕನ್ ಬೆಟ್ಟದ ಬುಡದ ಆ ಕೇರಿಯಲ್ಲಿ ಒಂಬತ್ತು ಮನೆಗೆ ಇದ್ದದ್ದು ಒಂದೇ ತಾಮ್ರದ ಹಂಡೆ. ದಿನಕ್ಕೊಂದು ಮನೆಯ ಪಾಳಿ. ಪೀಪಾಯಿಯಲ್ಲಿ ಕೊಳೆಹಾಕಿದ ಪ್ಲಮ್ ಹಣ್ಣು ಹದಕ್ಕೆ ಬಂದ ಮೇಲೆ ಎರಡು ದಿನ ತಡವಾದರೂ ಹುಳಿದು ವಿನೆಗರ್ ಆಗುತ್ತದೆ. ಈ ಸಲ ಜಪ್ರಿಯಾನನ ಪೀಪಾಯಿ ಎಲ್ಲರದಕ್ಕಿಂತ ಮೊದಲೇ ಹದಕ್ಕೆ ಬಂದಿತ್ತು. ಮುಂದಿನ ತಿಂಗಳು ಮಗಳ ಮದುವೆ. ಮನೆಯದೇ ರಕಿಯಾ ಇಲ್ಲದೆ ಹೋದರೆ ಬೀಗರ ಮುಂದೆ ತಲೆ ಎತ್ತುವ ಹಾಗಿಲ್ಲ.

ಪಾಳಿಯ ಜಗಳ ಈ ವರ್ಷವಾದರೂ ತಪ್ಪಲಿ ಎಂದು ಪಂಚಾಯಿತಿ ಕಾರ್ಯದರ್ಶಿ ಮೇಡಂ ಜ್ಲಾತಿನಾ ಭಟ್ಟಿಮನೆಯ ಪಕ್ಕದ ಕಚೇರಿಯ ಕಂಪ್ಯೂಟರಿಗೆ ಒಂದು ಎಐ ಸಹಾಯಕನನ್ನು ಗೊತ್ತುಮಾಡಿ, ಪಟ್ಟಣಕ್ಕೆ ಹೋಗಿದ್ದಳು. ಹೇಳಿದ ಕೆಲಸಕ್ಕೆ ತಾನೇ ಪ್ರೋಗ್ರಾಂ ಬರೆಯುವ ಜಾಣ ಅದು. ಆದರೆ ಬರೆದದ್ದನ್ನು ಊರಿನ ಕಾಗದಪತ್ರಗಳಿರುವ ಯಂತ್ರದಲ್ಲಿ ಓಡಿಸುತ್ತಿರಲಿಲ್ಲ. ಎಲ್ಲೋ ದೂರದಲ್ಲಿ ಸುತ್ತಲೂ ಮುಚ್ಚಿದ ಒಂದು ಪೆಟ್ಟಿಗೆಯನ್ನು ಬಾಡಿಗೆಗೆ ಹಿಡಿದು ಅದರೊಳಗೆ ಓಡಿಸುತ್ತಿತ್ತು. ಬಾಡಿಗೆ, ಓಡಿದಷ್ಟು ಸೆಕೆಂಡಿಗೆ ಮಾತ್ರ. ಕೆಲಸ ಮುಗಿದರೆ ಉತ್ತರ ಹೊರಗೆ, ಪೆಟ್ಟಿಗೆ ಮಾಯ.

“ಒಳಗೆ ಬೆಂಕಿ ಬಿದ್ರೂ ಹೊರಗೆ ಹೊಗೆ ಬರಲ್ಲ ಕಣಣ್ಣ,” ಎಂದಿದ್ದಳು ಜ್ಲಾತಿನಾ.

ಬೆಳಿಗ್ಗೆ ಜಪ್ರಿಯಾನ ಕಂಪ್ಯೂಟರಿನ ಮುಂದೆ ಕೂತ. ಸಹಾಯಕ, ಯಾರು ಯಾವ ದಿನ ಹಣ್ಣು ತುಂಬಿದರು, ಯಾರ ಪೀಪಾಯಿ ಎಷ್ಟು ನೊರೆಯುತ್ತಿದೆ ಎಂದು ತಾಳ್ಮೆಯಿಂದ ವಿಚಾರಿಸಿ ಪಟ್ಟಿ ಕೊಟ್ಟಿತು. ಮೊದಲ ಹೆಸರೇ ಜಪ್ರಿಯಾನನದು. ಅವನು ಹೆಣ್ಣು ನೋಡಲು ಬಂದವರ ಮುಂದೆ ಕೂತ ಹುಡುಗಿಯ ಹಾಗೆ ಕೆಂಪಾದ. ಬೀಗದ ಕೈ ಇಟ್ಟುಕೊಂಡವನೇ ಮೊದಲು ನಿಂತ ಎಂದು ಜನ ಆಡಿಕೊಳ್ಳುವುದಿಲ್ಲವೆ? ಸಂಜೆ ಎಲ್ಲರೂ ಸೇರಿದಾಗ ಮೆಲ್ಲಗೆ ಹೇಳಿದರಾಯಿತು ಎಂದು ಪಟ್ಟಿಯನ್ನು ಉಳಿಸಿಕೊಳ್ಳದೆ ಮುಚ್ಚಿಬಿಟ್ಟ.

ಅಷ್ಟರಲ್ಲಿ ಬಸ್ ಡ್ರೈವರ್ ಆಗಿದ್ದ ಮುದುಕ ವಲ್ಕೊ ಒಣ ಸಾಸೇಜು ಹಿಡಿದು ಬಂದ.

“ನಾನೇ ಮೊದಲಾದ್ರೆ ಹೆಂಗಿರುತ್ತೆ ಅಂತ ಒಂದ್ಸಲ ಮಾಡಿ ತೋರ್ಸು ಸಾಕು.”

ತೋರಿಸಿದರೆ ಯಾರ ಗಂಟು ಹೋಗುತ್ತದೆ? ಸಹಾಯಕ ಹೊಸ ಪೆಟ್ಟಿಗೆ ತೆರೆದು ಪಟ್ಟಿ ಮಾಡಿತು. ಕೆಳಗೆ, ‘ಇದು ಪರೀಕ್ಷೆ ಮಾತ್ರ. ಹೀಗೆ ಮಾಡಿದರೆ ಜಪ್ರಿಯಾನರ ಪೀಪಾಯಿ ಹುಳಿಯುತ್ತದೆ’ ಎಂದು ಪ್ರಾಮಾಣಿಕವಾಗಿ ಬರೆಯಿತು. ವಲ್ಕೊ ಹೆಂಡತಿಗೆ ತೋರಿಸುತ್ತೇನೆಂದು ಒಂದು ಫೋಟೊ ತೆಗೆದುಕೊಂಡು, ಶಿಳ್ಳೆ ಹಾಕುತ್ತ ಹೋದ.

ಸುದ್ದಿ ತಿಳಿದು ತ್ಸೊಂಕಾ ಅಜ್ಜಿ ಬಂದಳು. ಅವಳ ಪಾಳಿ ನಾದಿನಿಗಿಂತ ಮೊದಲೂ ಇರಬೇಕು, ನಾದಿನಿ ಇಳಿಸಿದ್ದರ ರುಚಿ ನೋಡಿದ ಮೇಲೂ ಇರಬೇಕು. ಸಹಾಯಕ ಅಜ್ಜಿಯ ಮಾತಿಗೆ ಮರ್ಯಾದೆ ಕೊಟ್ಟು ಪ್ರೋಗ್ರಾಂ ಬರೆಯಿತು. ಅದು ತನ್ನ ಬಾಲ ಹಿಡಿಯಹೊರಟ ನಾಯಿಯ ಹಾಗೆ ಸುತ್ತತೊಡಗಿತು. ಜಪ್ರಿಯಾನ ಕಂಪ್ಯೂಟರು ಸುಟ್ಟೇಹೋಯಿತೆಂದು ವೈರು ಕೀಳಲು ಎದ್ದ. ಸಹಾಯಕ ಮಾತ್ರ ಆ ಪೆಟ್ಟಿಗೆಯನ್ನೇ ಎಸೆದು, ಇನ್ನೊಂದು ತೆರೆದು, ಎರಡರಲ್ಲಿ ಯಾವ ಷರತ್ತು ಬಿಡಲಿ ಎಂದು ಕೇಳಿತು. ಕಂಪ್ಯೂಟರಿಗೆ ಒಂದು ಗೀರೂ ಇಲ್ಲ. ಬಾಡಿಗೆ ನೋಡಿದರೆ ಬೆಂಕಿಪೊಟ್ಟಣದ ಬೆಲೆಯೂ ಆಗಿರಲಿಲ್ಲ. ಜಪ್ರಿಯಾನ ಮೆಚ್ಚಿ ತಲೆಯ ಟೋಪಿ ತೆಗೆದ. ಅವನ ಕಾಲದಲ್ಲಿ ಎಷ್ಟೋ ಸಲ ಹಂಡೆ ಸೀದಿದೆ. ಪ್ರತಿ ಸಲವೂ ಮೂರು ದಿನ ಉಜ್ಜಿದವನು ಅವನೇ.

ಮಧ್ಯಾಹ್ನದೊಳಗೆ ಉಳಿದ ಎಂಟೂ ಮನೆಯವರು ತಮ್ಮ ಹೆಸರನ್ನು ಮೊದಲಲ್ಲಿ ನೋಡಿ, ಫೋಟೊ ಹಿಡಿದು ಹೋದರು. ಮೇಜಿನ ಮೇಲೆ ಚೀಸು, ಸಾಸೇಜು, ಮೆಣಸಿನಕಾಯಿಯ ಭರಣಿ. ಯಾರಿಗೂ ಇಲ್ಲ ಎನ್ನದೆ, ಯಾರ ಪಾಳಿಯನ್ನೂ ಕೆಡಿಸದೆ ದಿನ ಕಳೆದದ್ದು ಜಪ್ರಿಯಾನನ ಜೀವಮಾನದಲ್ಲಿ ಅದೇ ಮೊದಲು. ಪೆಟ್ಟಿಗೆ ಕಂಡುಹಿಡಿದವನ ಹೊಟ್ಟೆ ತಣ್ಣಗಿರಲಿ ಎಂದುಕೊಂಡ.

ಸಂಜೆ ಭಟ್ಟಿಮನೆಯ ಬಾಗಿಲಲ್ಲಿ ಎಂಟು ಪೀಪಾಯಿ, ಎಂಟು ಫೋನು. ಎಲ್ಲರೂ ತಮ್ಮ ತಮ್ಮ ಹೆಸರನ್ನು ದಪ್ಪಗೆ ಹಿಡಿದಿದ್ದರು; ಕೆಳಗಿನ ಸಾಲು ಯಾರ ಫೋಟೊದಲ್ಲೂ ಇರಲಿಲ್ಲ. ಪೆಟ್ಟಿಗೆಯಿಂದ ಬಾರದ ಹೊಗೆ ಫೋನಿನಿಂದ ಬಂದಿತ್ತು.

ಅವೆಲ್ಲ ಬರೀ ಪರೀಕ್ಷೆ, ನಿಜವಾದ ಪಟ್ಟಿ ಬೇರೆ ಇದೆ ಎಂದು ಜಪ್ರಿಯಾನ ಗೋಗರೆದ. ಹಾಗಾದರೆ ತೋರಿಸು ಎಂದರು. ಅವನು ಎಲ್ಲರನ್ನೂ ಪಕ್ಕದ ಕಚೇರಿಗೆ ಕರೆದೊಯ್ದು, ಅವರ ಎದುರಿಗೇ ಸಹಾಯಕನನ್ನು ಮತ್ತೆ ಕೇಳಿದ. ಸಹಾಯಕ ಮತ್ತೆ ಪೆಟ್ಟಿಗೆ ತೆರೆದು, ಬೆಳಗಿನ ಲೆಕ್ಕವನ್ನೇ ಒಂದಕ್ಷರ ತಪ್ಪದೆ ಒಪ್ಪಿಸಿತು. ಮೊದಲು ಜಪ್ರಿಯಾನ.

ವಲ್ಕೊ ಅವನ ಬೆನ್ನು ಸವರಿದ.

“ನಮಗೆಲ್ಲ ಮಾಡ್ಕೊಟ್ಟ, ತನಗೂ ಒಂದು ಮಾಡ್ಕೊಂಡ. ಪಾಪ, ತಪ್ಪೇನಿಲ್ಲ ಬಿಡಿ.”

ಯಾರ ಪಟ್ಟಿ ಮೊದಲು ಕಂಡಿತೋ ಅವರ ಪಾಳಿ ಮೊದಲು ಎಂದು ತೀರ್ಮಾನವಾಯಿತು. ವಲ್ಕೊ ಮೊದಲು, ತ್ಸೊಂಕಾ ಅಜ್ಜಿ ಎರಡನೆಯವಳು. ಜಪ್ರಿಯಾನನ ಪಟ್ಟಿ ಜನರ ಕಣ್ಣಿಗೆ ಬಿದ್ದದ್ದು ಆಗಷ್ಟೇ; ಅವನು ಒಂಬತ್ತನೆಯವನು.

ತ್ಸೊಂಕಾ ಅಜ್ಜಿ ಪಕ್ಕದ ಅವನ ಅಂಗಳಕ್ಕೆ ಹೋಗಿ, ಪೀಪಾಯಿಗೆ ಮೂಗಿಟ್ಟು ಬಂದಳು.

“ಒಂಬತ್ತು ದಿನಕ್ಕೆ ಒಳ್ಳೇ ವಿನೆಗರ್ ಆಗುತ್ತೆ ಕಣಪ್ಪ. ನನಗೆ ಉಪ್ಪಿನಕಾಯಿಗೆ ಬೇಕು,” ಎಂದು ಸೊಂಟದ ಏಪ್ರನ್ನಿನಿಂದ ಫೋನು ಒರೆಸಿಕೊಂಡಳು. “ವಿನೆಗರ್ ಪಟ್ಟೀಲಿ ನಾನೇ ಮೊದಲಾದ್ರೆ ಹೆಂಗಿರುತ್ತೆ, ಒಂದ್ಸಲ ತೋರ್ಸು.”